ಹೇಳಿ ಹೋಗುವ ಪಾಠ

2017ರಲ್ಲಿ ನಾನು ಕಾಸರಗೋಡು ಜಿಲ್ಲೆಯ ಉತ್ತರ ಭಾಗದ ಪಂಚಾಯತುಗಳಿಗೆ ಹೋಗಿಬರುತ್ತಿದ್ದ ಒಂದು ಮಾನಸಿಕ ಆರೋಗ್ಯ ತಂಡದಲ್ಲಿ ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್ ಆಗಿದ್ದೆ. ಹುದ್ದೆಯ ಹೆಸರು ಉದ್ದವಾದರೂ ಕೆಲಸ ಹೇಳಲು ಸರಳ. ಡಾಕ್ಟರು ಪರೀಕ್ಷೆ ಮಾಡಿ ಮಾತ್ರೆ ಬರೆದುಕೊಟ್ಟ ಮೇಲೆ ಆ ಮನುಷ್ಯ ಮನೆಗೆ ಹೋಗಿ ಹೇಗೆ ಬದುಕುತ್ತಾನೆ ಎಂದು ನೋಡಬೇಕಾದವಳು ನಾನು. ನಮ್ಮ ಜೀಪು ತಿಂಗಳಿಗೊಮ್ಮೆ ಒಂದೊಂದು ಆರೋಗ್ಯ ಕೇಂದ್ರದ ಎದುರು ನಿಲ್ಲುತ್ತಿತ್ತು. ವರ್ಕಾಡಿ ಕಡೆಯ ಸರದಿ ಬಂದ ದಿನ ನನಗೆ ಸ್ವಲ್ಪ ಸಂತೋಷ, ಯಾಕೆಂದರೆ ಅಲ್ಲಿ ನನ್ನ ಕನ್ನಡ ನಡೆಯುತ್ತಿತ್ತು. ಉಳಿದ ಕಡೆ ನನ್ನ ಹರುಕು ಮುರುಕು ಮಲಯಾಳ ಕೇಳಿ ರೋಗಿಗಳೇ ನನ್ನನ್ನು ಸಮಾಧಾನ ಮಾಡುತ್ತಿದ್ದರು.

ಈಗ ಹೇಳಲು ಹೊರಟಿರುವುದು ಆ ಊರಿನ ಒಬ್ಬ ಟೈಲರ್‌ನ ವಿಷಯ. ಹೆಸರುಗಳನ್ನು ಬದಲಿಸಿದ್ದೇನೆ. ಅವನನ್ನು ಗಿರೀಶ ಅನ್ನೋಣ.

ಗಿರೀಶ ನಮ್ಮ ಕ್ಲಿನಿಕ್ಕಿಗೆ ಮೊದಲು ಬಂದದ್ದು ಅದಕ್ಕೂ ಮೂರು ವರ್ಷ ಹಿಂದೆ. ಬಂದ ಎನ್ನುವುದಕ್ಕಿಂತ ಅವನ ತಾಯಿ ಲೀಲಾವತಿ ಕೈಹಿಡಿದು ಎಳೆದುಕೊಂಡು ಬಂದರು ಎನ್ನಬೇಕು. ಸುಮಾರು ಮೂವತ್ತರ ಗಂಡಸು, ತೆಳ್ಳಗೆ ಸಪುರ ಮೈ, ಬಾಯಿಗೆ ಬಿಗಿಯಾಗಿ ಕಟ್ಟಿದ ಬಟ್ಟೆಯ ಪಟ್ಟಿ. ಟೈಲರ್ ಅಂಗಡಿಯಲ್ಲಿ ಕತ್ತರಿಸಿ ಬಿಸಾಡುತ್ತಾರಲ್ಲ, ಅಂಥ ಹೂವಿನ ಚಿತ್ತಾರದ ತುಂಡು. ಹಲ್ಲುನೋವು ಇರಬಹುದೆಂದು ನಮ್ಮ ನರ್ಸ್ ಅವನನ್ನು ದಂತವೈದ್ಯರ ಕೋಣೆಗೆ ಕಳಿಸಲು ಹೊರಟಿದ್ದರು.

ತಾಯಿ ಬೀಡಿ ಕಟ್ಟಿ ಮಗನನ್ನು ಸಾಕಿದವರು. ಅವರು ಹೇಳಿದ ಕಥೆ ಇಷ್ಟು. ಊರ ಪೇಟೆಯಲ್ಲಿ ಹಸೈನಾರ್ ಎಂಬವರ ಟೈಲರ್ ಅಂಗಡಿ ಇದೆ. ಗಿರೀಶ ಅಲ್ಲೇ ಕೆಲಸ ಕಲಿತು ಅಲ್ಲೇ ಹೊಲಿಯುತ್ತಿದ್ದ. ಪಕ್ಕದ ಮಿಷನ್ನಿನ ಗೆಳೆಯನೊಂದಿಗೆ ಒಂದು ಸಂಜೆ ಯಾವುದೋ ಚಿಲ್ಲರೆ ವಿಷಯಕ್ಕೆ ಜಗಳವಾಗಿ, ಹಾಳಾಗಿ ಹೋಗು ಎಂದು ಬೈದ. ಕೆಲವು ದಿನಗಳ ನಂತರ ಆ ಗೆಳೆಯ ಬೈಕ್ ಅಪಘಾತದಲ್ಲಿ ತೀರಿಕೊಂಡ. ಇಂಥದ್ದಾದರೆ ದುಃಖ ಯಾರಿಗೂ ಆಗುತ್ತದೆ. ಗಿರೀಶನಿಗೆ ದುಃಖದ ಜೊತೆ ಒಂದು ಧ್ವನಿಯೂ ಕೇಳತೊಡಗಿತು. ನೀನು ಬಾಯಿ ತೆರೆದರೆ ಒಬ್ಬರು ಹೋಗುತ್ತಾರೆ ಎಂದು ಅದು ಹಗಲೂ ರಾತ್ರಿ ಹೇಳುತ್ತಿತ್ತು. ಅವನು ನಂಬಿದ. ಮೊದಲು ಮಾತು ಕಡಿಮೆ ಮಾಡಿದ, ಆಮೇಲೆ ಬಿಟ್ಟೇಬಿಟ್ಟ, ಕಡೆಗೆ ನಿದ್ದೆಯಲ್ಲಿ ಎಲ್ಲಿ ಮಾತು ಹೊರಬರುತ್ತದೋ ಎಂದು ಬಾಯಿಗೆ ಪಟ್ಟಿ ಕಟ್ಟಿಕೊಂಡ. ಅಮ್ಮನನ್ನು ಉಳಿಸಿಕೊಳ್ಳಲು ಹಾಗೆ ಮಾಡಿದ್ದೆ ಎಂದು ಬಹಳ ಕಾಲದ ನಂತರ ನನ್ನೊಡನೆ ಹೇಳಿದ.

ಇದಕ್ಕೆ ಸೈಕೋಸಿಸ್ ಎನ್ನುತ್ತಾರೆ. ಇಲ್ಲದ ಧ್ವನಿ ಕೇಳುವುದು, ಯಾವ ಪುರಾವೆ ತೋರಿಸಿದರೂ ಅಲುಗಾಡದ ನಂಬಿಕೆಯೊಂದು ಮನಸ್ಸಿನಲ್ಲಿ ಬೇರೂರುವುದು ಅದರ ಲಕ್ಷಣ. ಅಂಥ ನಂಬಿಕೆಗೆ ಡೆಲ್ಯೂಶನ್ ಎಂದು ಹೆಸರು. ಮಾತ್ರೆ ಶುರುವಾಗಿ ಕೆಲವು ತಿಂಗಳಲ್ಲಿ ಧ್ವನಿ ತಗ್ಗಿತು. ವರ್ಷ ಕಳೆಯುವಾಗ ಬಾಯಿಯ ಪಟ್ಟಿ ಬಿಚ್ಚಿತು. ನಂಬಿಕೆ ಅಷ್ಟು ಬೇಗ ಬಿಡಲಿಲ್ಲ. ನಾನು ಪ್ರತಿ ತಿಂಗಳೂ ಅವನ ಎದುರು ಕೂತು, ಹೋದ ತಿಂಗಳು ನೀನು ನನ್ನೊಡನೆ ಮಾತಾಡಿದೆ, ನಾನು ಇದ್ದೇನಲ್ಲ, ಎಂದು ತೋರಿಸುತ್ತಿದ್ದೆ. ಅವನು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಮೇಡಂ ಸ್ವಲ್ಪ ಸಪುರ ಆಗಿದ್ದೀರಿ, ಅನ್ನುತ್ತಿದ್ದ. ನಾನು ಸಪುರವಾದದ್ದನ್ನು ಜೀವಮಾನದಲ್ಲಿ ಗುರುತಿಸಿದವನು ಅವನೊಬ್ಬನೇ.

ಧ್ವನಿ ಹೋಯಿತು, ಹೆದರಿಕೆಯೂ ಮೆಲ್ಲಗೆ ಹೋಯಿತು. ಆದರೆ ಈ ಕಾಯಿಲೆ ಹೋಗುವಾಗ ಬರಿಗೈಯಲ್ಲಿ ಹೋಗುವುದಿಲ್ಲ. ಎದುರಿನವರ ಮುಖ ನೋಡುವುದು, ಯಾವಾಗ ಮಾತು ಶುರು ಮಾಡಬೇಕು, ಎಲ್ಲಿ ನಿಲ್ಲಿಸಬೇಕು, ಇವರು ಈಗ ತಮಾಷೆ ಮಾಡುತ್ತಿದ್ದಾರೋ ಬೇಸರದಲ್ಲಿದ್ದಾರೋ ಎಂಬ ಅಂದಾಜು, ಇವೆಲ್ಲ ನಾವು ಯಾರೂ ಶಾಲೆಗೆ ಹೋಗಿ ಕಲಿತದ್ದಲ್ಲ. ಅದೆಲ್ಲ ಅವನಿಂದ ಕಳಚಿಹೋಗಿತ್ತು. ಯಾರಾದರೂ ಮನೆಗೆ ಬಂದರೆ ಗೋಡೆ ನೋಡುತ್ತ ನಿಲ್ಲುತ್ತಿದ್ದ. ಊಟ ಆಯ್ತಾ ಎಂದು ಕೇಳಿದರೆ, ಆಯಿತು ಎನ್ನುವುದೋ ಬೇಡವೋ ಎಂದು ಅವನು ಲೆಕ್ಕ ಹಾಕಿ ಮುಗಿಸುವಾಗ ಕೇಳಿದವರು ಗೇಟು ದಾಟಿರುತ್ತಿದ್ದರು.

ಅವನಿಗೆ ಬೇಕಾಗಿದ್ದದ್ದು ಒಂದೇ, ಹಸೈನಾರ್ ಅಂಗಡಿಯ ಕಿಟಕಿ ಬದಿಯ ಮಿಷನ್. ಹೊಲಿಗೆ ಅವನು ಮರೆತಿರಲಿಲ್ಲ. ನಾನು ಹೋಗಿ ಹಸೈನಾರರನ್ನು ಕೇಳಿದೆ. ದೊಡ್ಡ ಕನ್ನಡಕ, ಕುತ್ತಿಗೆಯಲ್ಲಿ ಅಳತೆ ಟೇಪು, ಒಳ್ಳೆಯ ಮನುಷ್ಯ.

“ಮಿಷನ್ ಖಾಲಿ ಉಂಟು ಮೇಡಂ. ಅವನ ಕೈ ನನಗೆ ಗೊತ್ತುಂಟು,” ಎಂದರು. “ಆದರೆ ನಾನು ಮಧ್ಯಾಹ್ನ ನಮಾಜಿಗೆ ಹೋಗುವಾಗ ಅಂಗಡಿಯಲ್ಲಿ ಒಬ್ಬ ಬೇಕು. ಬಂದವರನ್ನು ಮಾತಾಡಿಸ್ಬೇಕು, ಅಳತೆ ತಗೊಳ್ಬೇಕು, ಯಾವಾಗ ಕೊಡುದು ಅಂತ ಹೇಳ್ಬೇಕು. ಗೋಡೆ ನೋಡಿ ನಿಂತರೆ ಆಗುದಿಲ್ಲ.”

ನ್ಯಾಯವಾದ ಮಾತು. ಆ ಷರತ್ತನ್ನು ಗಿರೀಶನಿಗೆ ಹೇಳಿದಾಗ ಅವನು, “ಕಲಿಸಿ,” ಎಂದ.

ಹೀಗೆ ಕಲಿಸುವುದಕ್ಕೆ ನಮ್ಮಲ್ಲಿ ಸೋಶಿಯಲ್ ಸ್ಕಿಲ್ಸ್ ಟ್ರೈನಿಂಗ್ ಎನ್ನುತ್ತಾರೆ. ಒಂದು ಮಾತುಕತೆಯನ್ನು ಸಣ್ಣಸಣ್ಣ ಹೆಜ್ಜೆಗಳಾಗಿ ಒಡೆದು, ಮಾಡಿ ತೋರಿಸಿ, ಅವರಿಂದ ಮಾಡಿಸಿ, ಎಲ್ಲಿ ಸರಿ ಎಲ್ಲಿ ತಪ್ಪು ಎಂದು ಹೇಳಿ, ಮತ್ತೆ ಮಾಡಿಸುವುದು. ವಾರಕ್ಕೆ ಎರಡು ಸಲವಾದರೂ ಆಗಬೇಕಾದ ಕೆಲಸ. ತಿಂಗಳಿಗೊಮ್ಮೆ ಬರುವ ಜೀಪಿನಿಂದ ಅದು ಆಗುವ ಹೋಗುವ ಮಾತಲ್ಲ. ಅದೇ ಸಮಯಕ್ಕೆ ಒಂದು ದೂರದ ನಗರದ ಸಂಸ್ಥೆಯವರು ಈ ತರಬೇತಿಗಾಗಿ ಮೊಬೈಲ್ ಆ್ಯಪ್ ಒಂದನ್ನು ತಯಾರಿಸಿ, ಪ್ರಯೋಗಕ್ಕೆ ನಮ್ಮ ತಂಡಕ್ಕೆ ಕೆಲವು ಫೋನುಗಳನ್ನು ಕೊಟ್ಟರು. ನನಗೆ ಇಂಥವುಗಳ ಮೇಲೆ ದೊಡ್ಡ ಭಕ್ತಿ ಇಲ್ಲ. ಆದರೂ ಏನೂ ಇಲ್ಲದಲ್ಲಿ ಇದಾದರೂ ಇರಲಿ ಎಂದು ಒಂದು ಫೋನನ್ನು ಗಿರೀಶನಿಗೆ ಕೊಡಿಸಿದೆ.

ಆ್ಯಪ್ ಹೀಗಿತ್ತು. ಒಂದು ಪುಟ್ಟ ವಿಡಿಯೋದಲ್ಲಿ ಇಬ್ಬರು ಮಾತಾಡುತ್ತಾರೆ. ನಂತರ ಒಬ್ಬರ ಮಾತು ನಿಲ್ಲುತ್ತದೆ, ಆ ಜಾಗದಲ್ಲಿ ನಾವು ಮಾತಾಡಿ ರೆಕಾರ್ಡ್ ಮಾಡಬೇಕು. ಆಮೇಲೆ ಮನೆಪಾಠ. ಇಂದು ಒಬ್ಬರನ್ನು ನೀವೇ ಮೊದಲು ಮಾತಾಡಿಸಿ, ಇಂದು ಒಂದು ಪ್ರಶ್ನೆ ಕೇಳಿ, ಹೀಗೆ. ಮಾಡಿದೆ ಎಂದು ಒತ್ತಿದರೆ ಹಸಿರು ಗುರುತು ಬೀಳುತ್ತದೆ. ಇಂಗ್ಲಿಷ್, ಮಲಯಾಳ, ಕನ್ನಡ ಇತ್ತು. ಗಿರೀಶನ ಮನೆಮಾತು ತುಳು, ಅದು ಇರಲಿಲ್ಲ. ಅವನು ಕನ್ನಡ ಮೀಡಿಯಂನಲ್ಲಿ ಓದಿದವನು, ಹಾಗಾಗಿ ತೊಂದರೆಯಾಗಲಿಲ್ಲ. ತೊಂದರೆ ಆದದ್ದು ಆ ಕನ್ನಡದಿಂದ. ಎರಡು ವಾರದ ನಂತರ ಅವನನ್ನು ಪರೀಕ್ಷೆಗೆಂದು ಅಂಗಡಿಗೆ ಕರೆದುಕೊಂಡು ಹೋದೆ. ರವಿಕೆ ಬಟ್ಟೆ ಹಿಡಿದು ಬಂದ ಹೆಂಗಸಿನ ಮುಖವನ್ನೇ ನೋಡಿ ಅವನು, “ನಮಸ್ಕಾರ, ತಾವು ಹೇಗಿದ್ದೀರಿ? ತಮ್ಮನ್ನು ಕಂಡು ಸಂತೋಷವಾಯಿತು,” ಎಂದ. ಆಕೆ ಒಂದು ಹೆಜ್ಜೆ ಹಿಂದೆ ಸರಿದರು.

ಹಸೈನಾರ್ ಟೇಪಿನ ತುದಿಯಿಂದ ಬಾಯಿ ಮುಚ್ಚಿಕೊಂಡು ನಕ್ಕರು. “ಇವ ಎಂತ ಮೇಡಂ, ರೇಡಿಯೋದಲ್ಲಿ ವಾರ್ತೆ ಓದಿದ ಹಾಗೆ ಮಾತಾಡುದು?”

ಗಿರೀಶನೂ ನಕ್ಕ. ಅವನು ನಕ್ಕದ್ದನ್ನು ನಾನು ಅಂದೇ ಮೊದಲು ನೋಡಿದ್ದು.

ಅಂದಿನಿಂದ ನಾವು ವಿಡಿಯೋದ ಹೆಜ್ಜೆಗಳನ್ನು ಇಟ್ಟುಕೊಂಡು ಮಾತುಗಳನ್ನು ಊರಿನದೇ ಮಾಡಿಕೊಂಡೆವು. ಬನ್ನಿ ಅಕ್ಕ, ಕೂತ್ಕೊಳ್ಳಿ, ಎಂತ ಹೊಲಿಲಿಕ್ಕೆ, ಯಾವಾಗಕ್ಕೆ ಬೇಕು. ಅಮ್ಮ ಅಂಗಳದಲ್ಲಿ ಕೂತು ಮಡಿಲಲ್ಲಿ ಬೀಡಿಯ ತಡ್ಪೆ, ಅಂದರೆ ಎಲೆ ತಂಬಾಕಿನ ಮೊರ, ಇಟ್ಟುಕೊಂಡು ಗಿರಾಕಿಯ ಪಾತ್ರ ಮಾಡುತ್ತಿದ್ದರು. ಮಗ ತುಳುವಿನಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ ಹೇಳುತ್ತಿದ್ದ. ತಾಯಿ ಸುಮ್ಮನೆ ಒಪ್ಪುವ ಗಿರಾಕಿಯಲ್ಲ. ಹೋದ ಸಲ ನೀನು ಹೊಲಿದ ತೋಳು ಬಿಗಿಯಾಗಿದೆ ಎಂದು ತಗಾದೆ ತೆಗೆದು ಅವನ ತಾಳ್ಮೆ ಪರೀಕ್ಷಿಸುತ್ತಿದ್ದರು. ಎಲೆ ಸುತ್ತುವ ಕೈ ಮಾತ್ರ ಒಂದು ಕ್ಷಣವೂ ನಿಲ್ಲುತ್ತಿರಲಿಲ್ಲ.

ಕೊನೆಯ ಪಾಠ ಮಾತು ಮುಗಿಸುವುದರ ಬಗ್ಗೆ. ಗಿರೀಶನಿಗೆ ಎಲ್ಲಕ್ಕಿಂತ ಕಷ್ಟವಾಗಿದ್ದದ್ದು ಅದು. ಯಾರ ಮನೆಗಾದರೂ ಹೋದರೆ ಅವನು ಇದ್ದಕ್ಕಿದ್ದಂತೆ ಎದ್ದು ನಡೆದುಬಿಡುತ್ತಿದ್ದ. ಉಳಿದವರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಆ್ಯಪ್‌ನ ಪಾಠದಲ್ಲಿ ನಾಲ್ಕು ಹೆಜ್ಜೆ. ಮಾತು ಮುಗಿದದ್ದನ್ನು ಗಮನಿಸಿ, ಮುಖ ನೋಡಿ, ಸಣ್ಣಗೆ ನಗಿ, ಹೇಳಿ ಹೊರಡಿ. ಎಲ್ಲಿಗೆ ಹೋದರೂ ಹೇಳದೆ ಹೊರಡಬೇಡಿ ಎಂದು ವಿಡಿಯೋದ ಹೆಂಗಸು ಕೊನೆಯಲ್ಲಿ ಒತ್ತಿ ಹೇಳುತ್ತಿದ್ದಳು. ಅವನು ಅದನ್ನು ಎಷ್ಟು ಸಲ ಅಭ್ಯಾಸ ಮಾಡಿದನೋ. ಅಮ್ಮ ನೀರು ಸೇದಲು ಹೊರಟರೂ ಇವನು ಬಾಗಿಲಲ್ಲಿ ನಿಂತು ನಕ್ಕು ಬೀಳ್ಕೊಡುತ್ತಿದ್ದ.

2018ರ ಆರಂಭದಲ್ಲಿ ಕಿಟಕಿ ಬದಿಯ ಮಿಷನ್ ಅವನಿಗೆ ಸಿಕ್ಕಿತು. ನಾನು ಕ್ಲಿನಿಕ್ ಮುಗಿಸಿ ಬರುವಾಗ ಜೀಪು ನಿಲ್ಲಿಸಿ ಇಣುಕುತ್ತಿದ್ದೆ. ಗಿರೀಶ ತಲೆಯೆತ್ತಿ, “ಬನ್ನಿ ಮೇಡಂ, ಕೂತ್ಕೊಳ್ಳಿ, ಎಂತ ಹೊಲಿಲಿಕ್ಕೆ?” ಅನ್ನುತ್ತಿದ್ದ. ಏನೂ ಇಲ್ಲದಿದ್ದರೂ ಒಂದು ಸೀರೆಗೆ ಫಾಲ್ ಹಚ್ಚಲು ಕೊಟ್ಟು ಬರುತ್ತಿದ್ದೆ. ನಗರದ ಸಂಸ್ಥೆಯವರು ಬಂದು ಅವನ ಜೊತೆ ಮಾತಾಡಿ, ಬಹಳ ಚೆನ್ನಾಗಿ ಗುಣವಾದವರ ಪೈಕಿ ಅವನನ್ನು ಸೇರಿಸಿಕೊಂಡು ಹೋದರು. ತಾಯಿ ನನ್ನ ಕೈ ಹಿಡಿದು ಅತ್ತರು. ನನ್ನ ಕೆಲಸದಲ್ಲಿ ಇಂಥ ದಿನಗಳು ಕಡಿಮೆ.

ಮಳೆಗಾಲ ಕಳೆದ ಮೇಲೆ ಅವರ ನೆರೆಮನೆಯಲ್ಲಿ ಒಂದು ಸಾವಾಯಿತು. ಆ ಮನೆಯ ಶಾರದಕ್ಕನ ಗಂಡ, ಇನ್ನೂ ದುಡಿಯುವ ವಯಸ್ಸಿನವರು, ಎದೆನೋವು ಎಂದು ಕೂತವರು ಮತ್ತೆ ಏಳಲಿಲ್ಲ. ಶಾರದಕ್ಕ ಗಿರೀಶನನ್ನು ಚಿಕ್ಕಂದಿನಿಂದ ಎತ್ತಿ ಆಡಿಸಿದವರು. ಊರಿನಲ್ಲಿ ಅವನ ಬಾಯಿಯ ಪಟ್ಟಿಗೆ ಎಲ್ಲರೂ ನಕ್ಕ ಕಾಲದಲ್ಲೂ ಬೇಲಿಯಾಚೆಯಿಂದ ಪಲ್ಯದ ಪಾತ್ರೆ ದಾಟಿಸುತ್ತಿದ್ದವರು. ಲೀಲಾವತಿ ಬೆಳಗ್ಗೆಯೇ ಅಲ್ಲಿಗೆ ಹೋಗಿ ಒಳಗಿನ ಕೆಲಸಕ್ಕೆ ನಿಂತಿದ್ದರು. ಗಿರೀಶ ಅಂಗಡಿಯಿಂದ ವಿಷಯ ಕೇಳಿ ತಾನಾಗಿಯೇ ಹೋದ. ಮೊದಲಾಗಿದ್ದರೆ ಹೋಗುತ್ತಲೇ ಇರಲಿಲ್ಲ. ಹೋಗಿ ಚಾವಡಿಯ ಮೂಲೆಯಲ್ಲಿ ಕೂತ. ಯಾರಿಗೂ ಅಡ್ಡ ಬರಲಿಲ್ಲ, ಕುರ್ಚಿ ಜೋಡಿಸಿದ, ನೀರು ಕೊಟ್ಟ. ದಹನಕ್ಕೆ ಕೊಂಡುಹೋದ ಮೇಲೆ ಜನ ಒಬ್ಬೊಬ್ಬರಾಗಿ ಏಳತೊಡಗಿದರು.

ನಮ್ಮ ಕಡೆ ಸಾವಿನ ಮನೆಯಿಂದ ಹೊರಡುವಾಗ ಯಾರೂ ಹೇಳಿ ಹೊರಡುವುದಿಲ್ಲ. ಸುಮ್ಮನೆ ಎದ್ದು, ಹಿಂದೆ ತಿರುಗಿ ನೋಡದೆ ನಡೆಯಬೇಕು. ಹೇಳಿ ಹೊರಟರೆ ಆ ಮನೆಗೆ ಮತ್ತೊಮ್ಮೆ ಇಂಥದಕ್ಕೇ ಬರಬೇಕಾಗುತ್ತದೆ ಎಂದು ನಂಬಿಕೆ. ನನಗೂ ಇದನ್ನು ಯಾರೂ ಕೂರಿಸಿ ಕಲಿಸಲಿಲ್ಲ. ಸಣ್ಣವಳಿದ್ದಾಗ ಅಜ್ಜಿಯ ಕೈ ಹಿಡಿದು ಹೋಗಿ, ಅವಳು ಎದ್ದಾಗ ಎದ್ದು ಕಲಿತದ್ದು. ಓದು, ಡಿಗ್ರಿ ಎಲ್ಲ ಆದ ಮೇಲೂ ನಾನು ಅಂಥ ಮನೆಯಲ್ಲಿ ಬಾಯಿ ತೆರೆದವಳಲ್ಲ.

ಗಿರೀಶ ಎದ್ದ. ಹೆಂಗಸರ ನಡುವೆ ಗೋಡೆಗೆ ಒರಗಿದ್ದ ಶಾರದಕ್ಕನ ಎದುರು ಹೋಗಿ ನಿಂತ. ಮುಖ ನೋಡಿದ. ಸಣ್ಣಗೆ ನಕ್ಕ. “ಪೋದು ಬರ್ಪೆ ಅಕ್ಕ,” ಎಂದ. ಹೋಗಿ ಬರ್ತೇನೆ ಎಂದು.

ಹೆಂಗಸರು ಅಳು ನಿಲ್ಲಿಸಿ ಅವನನ್ನೇ ನೋಡಿದರಂತೆ. ತಾಯಿ ಅಡುಗೆಮನೆಯಿಂದ ಓಡಿಬಂದು ಅವನ ತೋಳು ಹಿಡಿದು ಎಳೆದುಕೊಂಡು ಹೋದರು. ಇದೆಲ್ಲ ನನಗೆ ಆಮೇಲೆ ತಾಯಿಯೂ ಗಿರೀಶನೂ ಬೇರೆ ಬೇರೆಯಾಗಿ ಹೇಳಿದ್ದು. ಆ ಸಂಜೆ ಅವನು ಆ್ಯಪ್ ತೆರೆದು ಮನೆಪಾಠ ಮಾಡಿದೆ ಎಂದು ಒತ್ತಿದ್ದ. ಹಸಿರು ಬಿದ್ದಿತ್ತು.

ಅಷ್ಟಕ್ಕೇ ನಿಂತಿದ್ದರೆ ಊರು ಎರಡು ದಿನ ಮಾತಾಡಿ ಮರೆಯುತ್ತಿತ್ತು. ಪಾಪ, ತಲೆ ಸರಿ ಇಲ್ಲದವ, ಎಂದು ಬಿಟ್ಟುಬಿಡುತ್ತಿತ್ತು. ಆದರೆ ಶಾರದಕ್ಕನ ಅತ್ತೆ ವರ್ಷಗಳಿಂದ ಹಾಸಿಗೆ ಹಿಡಿದಿದ್ದರು. ಮಗ ಹೋದ ಮೇಲೆ ಅನ್ನ ನೀರು ಬಿಟ್ಟರು. ತಿಂಗಳು ತುಂಬುವುದರೊಳಗೆ ಆ ಮುದುಕಿಯೂ ತೀರಿಕೊಂಡರು.

ಮುಂದಿನ ಕ್ಲಿನಿಕ್ಕಿಗೆ ನಾನು ಹೋಗುವಾಗ ಗಿರೀಶ ಅಂಗಡಿಯಲ್ಲಿರಲಿಲ್ಲ. ಹಸೈನಾರ್ ನನ್ನನ್ನು ಒಳಗೆ ಕರೆದು ಸ್ಟೂಲ್ ಕೊಟ್ಟರು.

“ಒಂದು ಮದುವೆ ಮನೆಯವರು ಬಂದು ಅರ್ಧ ಹೊಲಿದ ಬ್ಲೌಸುಗಳನ್ನೇ ಅವನ ಕೈಯಿಂದ ತೆಗೊಂಡು ಹೋದರು ಮೇಡಂ. ಅವನ ಎದುರಿಗೇ. ಮತ್ತೆ ಇನ್ನೊಬ್ಬರು. ನಮ್ಮಲ್ಲಿ ಇದೆಲ್ಲ ಇಲ್ಲ. ಹೋಗುದು ಬರುದು ಮೇಲೆ ಇರುವವನ ಕೈಯಲ್ಲಿ ಉಂಟು. ಆದರೆ ಬಟ್ಟೆ ತರುವವರಿಗೆ ನಾನು ಎಂತ ಹೇಳುದು?”

“ನೀವೇ ಹೀಗೆ ಹೇಳಿದರೆ ಹೇಗೆ ಹಸೈನಾರ್‌ಚ್ಚಾ?” ಎಂದೆ. ನನ್ನ ಧ್ವನಿ ಏರಿತ್ತು.

“ಗುಂಡಿ ಕಾಜ, ಹೆಮ್ಮಿಂಗ್ ಎಲ್ಲ ಮನೆಗೆ ಕಳಿಸ್ತೇನೆ. ಅವನೇ ಮಾಡಿದ್ದು ಅಂತ ಯಾರಿಗೂ ಗೊತ್ತಾಗ್ಲಿಕ್ಕಿಲ್ಲ.” ಅವರು ಕನ್ನಡಕ ತೆಗೆದು ಒರೆಸಿದರು. ಕಿಟಕಿ ಬದಿಯ ಮಿಷನ್ನಿನ ಮೇಲೆ ಆಗಲೇ ಬಟ್ಟೆಯ ಗಂಟುಗಳನ್ನು ಪೇರಿಸಿದ್ದರು.

ಮನೆಯಲ್ಲಿ ಗಿರೀಶ ಚಾಪೆಯ ಮೇಲೆ ಗೋಡೆ ಕಡೆ ತಿರುಗಿ ಕೂತಿದ್ದ. ಫೋನು ಪಕ್ಕದಲ್ಲಿತ್ತು. ನಾನು ಕೂತೆ. ಅವನು ಕೇಳಿದ.

“ನಾನು ತಪ್ಪು ಹೇಳಿದ್ನಾ ಮೇಡಂ? ಮುಖ ನೋಡಿದೆ. ನಕ್ಕೆ. ಎಲ್ಲಿಗೆ ಹೋದರೂ ಹೇಳದೆ ಹೊರಡಬೇಡಿ ಅಂತ ಉಂಟಲ್ಲ ಅದರಲ್ಲಿ.”

“ನೀನು ತಪ್ಪು ಮಾಡಲಿಲ್ಲ ಗಿರೀಶ. ಪಾಠದಲ್ಲಿ ಒಂದು ವಿಷಯ ಬಿಟ್ಟುಹೋಗಿದೆ. ಸಾವಿನ ಮನೆಗೆ ಬೇರೆ ಕ್ರಮ. ಆ ಅಜ್ಜಿ ಹೋದದ್ದು ಕಾಯಿಲೆಯಿಂದ, ನಿನ್ನ ಮಾತಿನಿಂದ ಅಲ್ಲ.”

ಅವನು ತಿರುಗಿ ನನ್ನ ಮುಖ ನೋಡಿದ. ನಾವೇ ಕಲಿಸಿದ ಹಾಗೆ, ನೇರವಾಗಿ.

“ನನ್ನ ಬಾಯಿಂದ ಜನ ಸಾಯ್ತಾರೆ ಅಂತ ಮೊದಲು ನನಗೊಬ್ಬನಿಗೇ ಕೇಳ್ತಿತ್ತು. ಅದು ಕಾಯಿಲೆ ಅಂತ ನೀವು ಹೇಳಿದ್ರಿ. ನಂಬಿದೆ. ಈಗ ಊರಿಗೆಲ್ಲ ಕೇಳ್ತದೆ. ಹಾಗಾದರೆ ಮಾತ್ರೆ ಯಾರು ತಿನ್ಬೇಕು ಮೇಡಂ?”

ಡೆಲ್ಯೂಶನ್ ಎಂಬುದಕ್ಕೆ ನಮ್ಮ ಪಠ್ಯಪುಸ್ತಕಗಳು ಕೊಡುವ ವ್ಯಾಖ್ಯಾನದಲ್ಲಿ ಒಂದು ಷರತ್ತಿದೆ. ಆ ನಂಬಿಕೆ ರೋಗಿಯ ಸಮುದಾಯದ ಉಳಿದವರೂ ನಂಬುವಂಥದ್ದಾಗಿದ್ದರೆ ಅದನ್ನು ಕಾಯಿಲೆಯ ಲಕ್ಷಣ ಎಂದು ಎಣಿಸುವಂತಿಲ್ಲ. ಒಳ್ಳೆಯ ಉದ್ದೇಶದ ಷರತ್ತು. ಜನರ ದೇವರು ದಿಂಡರನ್ನೆಲ್ಲ ಕಾಯಿಲೆ ಎನ್ನಬಾರದೆಂದು ಮಾಡಿದ್ದು. ಅಂದು ಆ ಚಾಪೆಯ ಮೇಲೆ ಕೂತು ನನಗೆ ಅನ್ನಿಸಿತು, ನಾಲ್ಕು ವರ್ಷ ನಾವು ಇವನಿಂದ ಕಷ್ಟಪಟ್ಟು ಬಿಡಿಸಿದ್ದನ್ನು ಊರು ಎತ್ತಿಕೊಂಡಿತು, ಊರು ನಂಬಿದ ಮೇಲೆ ಪುಸ್ತಕದ ಲೆಕ್ಕದಲ್ಲಿ ಅದು ಕಾಯಿಲೆಯೂ ಅಲ್ಲ. ನನಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಸಿಟ್ಟು ಎಂದು ಮಾತ್ರ ತಿಳಿಯುತ್ತಿರಲಿಲ್ಲ. ಅಷ್ಟರಲ್ಲಿ ಫೋನು ಟಿಂಗ್ ಎಂದಿತು. ಇಂದು ಹೊಸಬರೊಬ್ಬರನ್ನು ಮಾತಾಡಿಸಿ ಎಂದು ಆ್ಯಪ್ ನೆನಪಿಸಿತು.

ನಾನು ಶಾರದಕ್ಕನಲ್ಲಿಗೆ ಹೋದೆ. ನೀವೊಮ್ಮೆ ಬೇಲಿ ದಾಟಿ ಬಂದು ಅವನನ್ನು ಮಾತಾಡಿಸಿದರೆ ಸಾಕು, ಅರ್ಧ ಊರಿನ ಬಾಯಿ ಮುಚ್ಚುತ್ತದೆ ಎಂದು ಕೇಳಿಕೊಂಡೆ. ಆಕೆ ತಲೆ ತಗ್ಗಿಸಿ ಸೆರಗಿನ ತುದಿ ಸುತ್ತುತ್ತ ಕೂತರು.

“ನನಗೆ ಅವನ ಮೇಲೆ ಎಂತದೂ ಇಲ್ಲ,” ಎಂದರು ಕೊನೆಗೆ. “ಆದರೆ ಇವರ ಅಣ್ಣತಮ್ಮಂದಿರು ಇದ್ದಾರೆ. ನಾನು ಈಗ ಅವರ ನೆರಳಿನಲ್ಲಿ ಇರ್ಬೇಕಾದವಳು. ನನ್ನನ್ನು ಒತ್ತಾಯ ಮಾಡ್ಬೇಡಿ.”

ಒತ್ತಾಯ ಮಾಡಲಿಲ್ಲ. ಪಂಚಾಯತಿನಲ್ಲಿ ಒಂದು ತಿಳುವಳಿಕೆ ಕಾರ್ಯಕ್ರಮ ಇಡಿಸಿದೆ. ಬಂದವರು ಚಹಾ ಕುಡಿದು, ಡಾಕ್ಟರ ಭಾಷಣಕ್ಕೆ ತಲೆಯಾಡಿಸಿ, ಗಿರೀಶನ ಮನೆಯ ದಾರಿ ಬಿಟ್ಟು ಸುತ್ತು ದಾರಿಯಲ್ಲಿ ಮನೆಗೆ ಹೋದರು. ನಗರದ ಸಂಸ್ಥೆಗೂ ಎಲ್ಲ ವಿವರವಾಗಿ ತಿಳಿಸಿದೆ. ಮುಂದಿನ ಆವೃತ್ತಿಯಲ್ಲಿ ಗಮನಿಸುತ್ತೇವೆ ಎಂದು ವಿನಯದಿಂದ ಉತ್ತರ ಬಂತು. ಪ್ರಯೋಗದ ಅವಧಿ ಮುಗಿದದ್ದರಿಂದ ಫೋನುಗಳನ್ನು ವಾಪಸು ತೆಗೆದುಕೊಂಡರು. ಅವರ ಲೆಕ್ಕದಲ್ಲಿ ಗಿರೀಶ ಈಗಲೂ ಚೆನ್ನಾಗಿ ಗುಣವಾದವರ ಪೈಕಿ ಇದ್ದಾನೆ, ಯಾಕೆಂದರೆ ಅವರು ಅವನನ್ನು ಅಳೆದದ್ದು ಮಳೆಗಾಲಕ್ಕೆ ಮೊದಲು.

ಗಿರೀಶ ಮಾತು ಬಿಟ್ಟ. ಈ ಸಲ ಬಾಯಿಗೆ ಪಟ್ಟಿ ಕಟ್ಟಿಕೊಳ್ಳಲಿಲ್ಲ, ಧ್ವನಿಯೂ ಮರಳಿ ಬರಲಿಲ್ಲ. ಡಾಕ್ಟರು ವಿಚಾರಿಸಿ ನೋಡಿದರು, ಮಾತ್ರೆ ಬದಲಿಸಿದರು, ಪ್ರಯೋಜನವಾಗಲಿಲ್ಲ. ಅವನು ಮಾತ್ರೆ ತಪ್ಪಿಸಲಿಲ್ಲ, ಸ್ನಾನ ಊಟ ಮಾಡುತ್ತಿದ್ದ, ತಾಯಿ ತಂದುಕೊಟ್ಟ ಅಂಗಿಗಳಿಗೆ ಕಾಜ ಹಾಕುತ್ತಿದ್ದ. ತಾಯಿ ಬೀಡಿ ಕಟ್ಟುತ್ತ ಅವನ ಎದುರು ಕೂತು ಇಬ್ಬರ ಮಾತನ್ನೂ ತಾವೇ ಆಡುತ್ತಿದ್ದರು. ನಾನು ಪ್ರತಿ ತಿಂಗಳೂ ಹೋಗಿ, ಹೊರಡುವಾಗ “ಬರ್ತೇನೆ ಗಿರೀಶ” ಎಂದು ಹೇಳುತ್ತಿದ್ದೆ. ಅವನು ಸೂಜಿಯಿಂದ ಕಣ್ಣೆತ್ತುತ್ತಿರಲಿಲ್ಲ. ಒಂದು ವರ್ಷಕ್ಕೂ ಹೆಚ್ಚು ಕಾಲ ಹೀಗೇ ನಡೆಯಿತು.

2019ರ ಕೊನೆಗೆ ಲೀಲಾವತಿ ತೀರಿಕೊಂಡರು. ತಂಬಾಕಿನ ಧೂಳು ಕುಡಿದ ಎದೆ, ಮೊದಲಿನಿಂದಲೂ ಕೆಮ್ಮು. ಸುದ್ದಿ ತಿಳಿದು ಬಸ್ಸು ಹಿಡಿದು ಹೋದೆ. ಅಲ್ಲಿಗೆ ಮುಟ್ಟುವಾಗ ಮಧ್ಯಾಹ್ನ ಮೀರಿ ಎಲ್ಲ ಮುಗಿದಿತ್ತು. ಅಂಗಳದಲ್ಲಿ ಹತ್ತಿಪ್ಪತ್ತು ಮಂದಿ ಇದ್ದರು. ಹಸೈನಾರ್ ಗೇಟಿನ ಹತ್ತಿರ ನಿಂತಿದ್ದರು, ಶಾರದಕ್ಕ ಹೆಂಗಸರ ಜೊತೆ ಒಳಗಿದ್ದರು. ಸಾವಿಗೆ ಬರುವುದನ್ನು ಊರು ತಪ್ಪಿಸಲಿಲ್ಲ, ಅದನ್ನೂ ಹೇಳಬೇಕು. ಗಿರೀಶ ತಾಯಿ ಕೂರುತ್ತಿದ್ದ ಜಾಗದ ಪಕ್ಕದಲ್ಲಿ ಕೂತಿದ್ದ. ತಡ್ಪೆ ಗೋಡೆಗೆ ಒರಗಿಸಿಟ್ಟಿತ್ತು. ನಾನು ಅವನ ಹತ್ತಿರ ನೆಲದ ಮೇಲೆ ಕೂತೆ.

ಜನ ಏಳತೊಡಗಿದರು. ಒಬ್ಬರು ಎದ್ದು, ಚಪ್ಪಲಿ ಮೆಟ್ಟಿ, ಏನೂ ಹೇಳದೆ ನಡೆದರು. ಮತ್ತೊಬ್ಬರು. ಮತ್ತಿಬ್ಬರು. ಯಾರೂ ತಿರುಗಿ ನೋಡಲಿಲ್ಲ, ನೋಡಬಾರದು. ಗಿರೀಶ ಕಣ್ಣೆತ್ತಿ ಒಬ್ಬೊಬ್ಬರ ಬೆನ್ನನ್ನೂ ಅವರು ಗೇಟು ದಾಟುವವರೆಗೆ ನೋಡುತ್ತಿದ್ದ. ಕೊನೆಗೆ ಐದಾರು ಮಂದಿ ಉಳಿದರು. ನನ್ನ ಬಸ್ಸಿಗೂ ಹೊತ್ತಾಗಿತ್ತು. ನಾನು ಅವನ ಹೆಗಲ ಮೇಲೆ ಕೈಯಿಟ್ಟು, ಬಾಯಿ ತೆರೆಯದೆ ಎದ್ದೆ. ಮೆಟ್ಟಿಲಿಳಿದು ಚಪ್ಪಲಿಗೆ ಕಾಲು ಹಾಕುವಾಗ ಹಿಂದಿನಿಂದ ಧ್ವನಿ ಕೇಳಿತು. ಬಳಕೆಯಿಲ್ಲದೆ ಒರಟಾಗಿದ್ದ ಧ್ವನಿ.

“ಮೇಡಂ, ಹೇಳಿ ಹೋಗಿ.”

ತಿರುಗಿದೆ. ಅವನು ಬಾಗಿಲಿನಲ್ಲಿ ನಿಂತಿದ್ದ.

“ಗಿರೀಶ, ಇವತ್ತು ಹಾಗೆ ಹೇಳುವ ಕ್ರಮ ಇಲ್ಲ,” ಎಂದೆ ಮೆಲ್ಲಗೆ.

“ಗೊತ್ತುಂಟು. ಈಗ ನನಗೆ ಗೊತ್ತುಂಟು.” ಅವನು ಗೇಟಿನ ಕಡೆ ಕೈ ತೋರಿಸಿದ. “ಎಲ್ಲರೂ ಹೇಳದೇ ಹೋದರು. ಇನ್ನು ಈ ಮನೆಗೆ ಯಾರು ಬರುದು?”

ಅಂಗಳದಲ್ಲಿ ಉಳಿದವರು ನಮ್ಮನ್ನೇ ನೋಡುತ್ತಿದ್ದರು. ಒಂದು ಗಳಿಗೆ ನನಗೆ ಭಯವಾಯಿತು ಎಂದು ಒಪ್ಪಿಕೊಳ್ಳಲು ನಾಚಿಕೆಯಿಲ್ಲ. ಅಜ್ಜಿಯ ಕೈ ಹಿಡಿದು ಕಲಿತದ್ದು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಆಮೇಲೆ ಅವನ ಮುಖ ನೋಡಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

“ಬರ್ತೇನೆ ಗಿರೀಶ. ಬರುವ ತಿಂಗಳು ಬರ್ತೇನೆ.”

ಅವನು ತಲೆಯಾಡಿಸಿದ. ಶಾರದಕ್ಕ ಒಳಗಿನಿಂದ ಬಂದವರು ಹೊಸ್ತಿಲಲ್ಲಿ ಒಂದು ಕ್ಷಣ ನಿಂತರು. ಏನೋ ಹೇಳುತ್ತಾರೆ ಅಂದುಕೊಂಡೆ. ಸೆರಗು ಎಳೆದುಕೊಂಡು, ಹಿಂಬದಿಯಿಂದ ಬೇಲಿಯ ಕಡೆ ನಡೆದುಹೋದರು.

ಮುಂದಿನ ತಿಂಗಳು ಹೋದೆ. ಆಮೇಲೂ ಹೋದೆ. ಕೆಲಸದಿಂದ ಬಿಡುಗಡೆಯಾದ ಮೇಲೂ ಆಗೀಗ ಹೋಗುತ್ತಿದ್ದೇನೆ. ಗಿರೀಶ ಬಾಗಿಲು ತೆರೆದು, ಬನ್ನಿ ಮೇಡಂ, ಕೂತ್ಕೊಳ್ಳಿ, ಎನ್ನುತ್ತಾನೆ. ಇಡೀ ಊರಿನಲ್ಲಿ ಅವನು ಮಾತಾಡುವುದು ನನ್ನೊಬ್ಬಳ ಜೊತೆ. ಮಾತಾಡಲು ಅವನಿಗೆ ಬರುತ್ತದೆ, ಅದನ್ನು ನಾವು ಸರಿಯಾಗಿಯೇ ಕಲಿಸಿದ್ದೆವು. ಕಲಿಯಬೇಕಾದವರು ಗೇಟಿನಾಚೆಯೂ ಇದ್ದರು, ಅವರಿಗಾಗಿ ಯಾರೂ ಪಾಠ ಬರೆದಿರಲಿಲ್ಲ. ನನ್ನ ವೃತ್ತಿಯಿಂದ ನಾನು ಕಲಿತದ್ದು ಅಷ್ಟು. ಈಗ ನನ್ನ ಮಂಡಿಯೂ ನೋಯುತ್ತದೆ, ಬಸ್ಸಿನ ಮೆಟ್ಟಿಲು ಎತ್ತರ ಅನ್ನಿಸುತ್ತದೆ. ಹೋದ ಸಲ ನಾನು ಏಳಲು ಕಷ್ಟಪಡುವುದನ್ನು ನೋಡಿ ಅವನು ಕೈ ಕೊಟ್ಟ. ಗೇಟಿನವರೆಗೆ ಬಂದು, ನಾನು ಬರ್ತೇನೆ ಎಂದು ಹೇಳುವವರೆಗೂ ಕೈ ಬಿಡಲಿಲ್ಲ.